ಖಾಲಿ ಮನೆಯ ಅಜ್ಜಿ

ಶಾಲೆಯ ಮಕ್ಕಳು ನನ್ನ ಮನೆಯನ್ನು ಖಾಲಿ ಮನೆ ಎಂದು ತೀರ್ಮಾನಿಸಿದ ದಿನ ನಾನು ಮನೆಯ ಒಳಗೇ ಇದ್ದೆ. ಭಾನುವಾರ ಬೆಳಿಗ್ಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿ ಪಾಳಿ ಮುಗಿಸಿ, ಹಿತ್ತಿಲ ಬಾಗಿಲಿನಿಂದ ಬಂದು ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಮುಂದಿನ ಜಗಲಿಯಿಂದ "ಕುಲೊನುವುನ್" ಎಂದು ಯಾರೋ ಒಳಗೆ ಬರಲು ಅಪ್ಪಣೆ ಕೇಳಿ ಕೂಗಿದರು. ಒಳಗಿನವರು "ಮೊಂಗ್ಗೊ" ಅನ್ನುವ ತನಕ ಹೊಸ್ತಿಲು ದಾಟಬಾರದೆಂದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಮೂರು ಸಲ ಕೂಗಿದರು. ನಾನು ಉತ್ತರ ಕೊಡಲಿಲ್ಲ.

ಯಾಕೆ ಕೊಡಲಿಲ್ಲ ಅಂದರೆ, ಸುಮ್ಮನೆ. ಮೈಮೇಲೆ ಹರಕಲು ನೈಟಿ, ತಲೆಗೂದಲು ಕೆದರಿ ಗುಬ್ಬಿಗೂಡು, ಮೇಲಾಗಿ ನಿದ್ದೆ. ಕೇರಿ ಮುಖ್ಯಸ್ಥ ಪಾಕ್ ದಾರ್ಮೊ ಭಾನುವಾರದ ಚರಂಡಿ ಕೆಲಸಕ್ಕೆ ಕರೆಯಲು ಜನ ಕಳಿಸಿರಬೇಕು, ಕೂಗಿ ಕೂಗಿ ಸುಸ್ತಾಗಿ ಹೋಗಲಿ ಅಂದುಕೊಂಡೆ. ಹೋಗಲಿಲ್ಲ. ಜಗಲಿಯ ಮೇಲೆ ಚಪ್ಪಲಿ ಬಿಚ್ಚಿಡುವ ಸದ್ದು, ಅಳತೆ ಟೇಪು ಸರ್ರನೆ ಎಳೆಯುವ ಸದ್ದು, ಆಮೇಲೆ ಒಬ್ಬ ಹುಡುಗನ ಒಡಕು ದನಿ.

"ಇದೇ ನೋಡ್ರೋ. ಪಾಕ್ ದಾರ್ಮೊ ಹೇಳಿದ್ದು ಇದೇ ಮನೆ. ಈಯಮ್ಮ ಗಂಡನ ಹತ್ರ ಕಾಲಿಮಾಂತಾನಕ್ಕೆ ಹೊರಟೋದ್ಲಂತೆ."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡು ಸಮುದ್ರದಾಚೆಯ ಕಾಲಿಮಾಂತಾನಕ್ಕೆ ಓಡಿಹೋದ ಗಂಡನ ಹತ್ತಿರ ನಾನು ಹೋಗಿದ್ದೇನಂತೆ. ಆ ದಾರ್ಮೊನ ಬಾಯಿಗೆ ಮಣ್ಣು ಬೀಳ. ಗಂಡ ಹೋದ ಮೇಲೆ, ಮೂವತ್ತರ ಹೆಂಗಸು, ಮಕ್ಕಳಿಲ್ಲ ಮರಿಯಿಲ್ಲ, ಹಗಲೂ ರಾತ್ರಿ ಹಾಸಿಗೆ ಬಟ್ಟೆ ಮಡಚಿ ಮಡಚಿ ಬಂದ ಸಂಬಳದಲ್ಲಿ ನಾನೇ ನಿಂತು ಕಟ್ಟಿಸಿದ ಮನೆ ಇದು. ಇಪ್ಪತ್ತು ವರ್ಷದಿಂದ ಇಲ್ಲೇ ಬಿದ್ದಿದ್ದೇನೆ. ಇವನಿಗೆ ಕಾಣಿಸಲಿಲ್ಲವಂತೆ.

ಆದರೆ ನ್ಯಾಯವಾಗಿ ಹೇಳಬೇಕೆಂದರೆ ಕಾಣಿಸುವುದಾದರೂ ಹೇಗೆ? ಸೆಮಾರಾಂಗ್ ಪಟ್ಟಣದ ಈ ಉತ್ತರದ ಕಡೆ ನೆಲ ಕುಸಿಯುತ್ತಲೇ ಇದೆ, ಸಮುದ್ರ ಏರುತ್ತಲೇ ಇದೆ. ಉಬ್ಬರದ ನೀರು ನುಗ್ಗುತ್ತದೆಂದು ಪಾಲಿಕೆಯವರು ರಸ್ತೆಯನ್ನು ಮತ್ತೆ ಮತ್ತೆ ಎತ್ತರಿಸಿದರು. ಈಗ ರಸ್ತೆಯಲ್ಲಿ ನಿಂತವರಿಗೆ ನನ್ನ ಮನೆಯ ಕಿಟಕಿ ಮೊಣಕಾಲಿನ ಮಟ್ಟಕ್ಕಿದೆ. ಮುಂಬಾಗಿಲಿನ ಕೆಳಗಿನ ಅರ್ಧಕ್ಕೆ ಇಟ್ಟಿಗೆ ಕಟ್ಟಿಸಿದ್ದೇನೆ, ಓಡಾಟವೆಲ್ಲ ಹಿತ್ತಿಲ ಕಡೆಯಿಂದ. ಉಳ್ಳವರೆಲ್ಲ ಗುಡ್ಡದ ಕಡೆ ಮನೆ ಮಾಡಿಕೊಂಡು ಹೋದರು, ಕೇರಿಯಲ್ಲಿ ಅರ್ಧಕ್ಕರ್ಧ ಮನೆ ಪಾಳು. ರಾತ್ರಿ ಕಾವಲಿನವರಿಗೆಂದು ಪ್ರತಿ ಮನೆಯ ಮುಂದೆ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಇಡುವ ಪದ್ಧತಿ ನಮ್ಮದು. ರಾತ್ರಿ ಹೊತ್ತು ಮನೆಯಲ್ಲೇ ಇರದ ನಾನು ಅಕ್ಕಿ ಇಡುವುದನ್ನು ಯಾವಾಗಲೋ ಬಿಟ್ಟಿದ್ದೆ. ಡಬ್ಬಿ ಖಾಲಿ ಇದ್ದ ಮನೆ ಎಂದರೆ ಜನ ಇಲ್ಲದ ಮನೆ ಎಂದು ಕಾವಲಿನವರ ಲೆಕ್ಕ. ಅದೇ ಲೆಕ್ಕ ಮಕ್ಕಳಿಗೂ ಹೋಯಿತು.

ಎದ್ದು ಬಾಗಿಲ ಮೇಲಿನ ಅಗುಳಿಗೆ ಕೈ ಹಾಕಿದೆ. ಚೆನ್ನಾಗಿ ಬೈಯಬೇಕೆಂದು ಬಾಯಿ ಕೂಡ ತೆರೆದಿದ್ದೆ. ಆಗ ಹೊರಗಿನಿಂದ ಒಂದು ಹುಡುಗಿಯ ದನಿ ಕೇಳಿತು.

"ಜಗಲಿ ನೋಡ್ರೇ, ಎಷ್ಟು ಚೆನ್ನಾಗಿ ಹೆಂಚಿನ ಚೂರು ಜೋಡ್ಸಿದಾರೆ. ಹೂವಿನ ಥರ. ಕಟ್ಟಿಸ್ದೋರಿಗೆ ಈ ಮನೆ ಮೇಲೆ ತುಂಬಾ ಆಸೆ ಇತ್ತು ಅನ್ಸತ್ತೆ."

ಒಡೆದ ಹೆಂಚಿನ ಚೂರುಗಳನ್ನು ಆಸ್ಪತ್ರೆಯ ಹಿಂದಿನ ಕಸದಿಂದ ಆರಿಸಿ ತಂದು ನಾನೇ ಕೂತು ಜೋಡಿಸಿದ್ದು ಅದು. ಇಷ್ಟು ವರ್ಷದಲ್ಲಿ ಆ ಜಗಲಿಯ ಬಗ್ಗೆ ಒಂದು ನರಪಿಳ್ಳೆ ಒಂದು ಮಾತು ಆಡಿರಲಿಲ್ಲ. ನನ್ನ ಕೈ ಅಗುಳಿಯ ಮೇಲೇ ನಿಂತಿತು. ಇನ್ನೇನು ಹೇಳುತ್ತಾಳೋ ಎಂದು ಬಾಗಿಲಿಗೆ ಕಿವಿ ಹಚ್ಚಿದೆ.

ಹಾಗೆ ಶುರುವಾಯಿತು.

ಅವರ ಮಾತಿನಿಂದಲೇ ವಿಷಯ ತಿಳಿಯಿತು. ಪಾಕ್ ಗಾಲಿಹ್ ಎಂಬ ಹೊಸ ಮೇಷ್ಟ್ರು ಬಂದಿದ್ದಾರಂತೆ. ಊರು ಹಾಳಾಗುತ್ತಿದೆ ಎಂದು ಪುಸ್ತಕದಲ್ಲಿ ಓದಿದರೆ ಸಾಲದು, ಮೂವತ್ತು ವರ್ಷ ಆದ ಮೇಲೆ ಈ ಊರಿನಲ್ಲಿ ಇರಬೇಕಾದವರು ನೀವು, ಹೇಗಿರಬೇಕೆಂದು ನೀವೇ ಬೀದಿಗಿಳಿದು ನೋಡಿ ಹೇಳಿ ಎಂದು ಮಕ್ಕಳ ತಲೆಗೆ ಹುಳ ಬಿಟ್ಟಿದ್ದರಂತೆ. ಮಕ್ಕಳು ಒಂದು ಪಾಳು ಮನೆಯನ್ನು ಆರಿಸಬೇಕು. ಅದನ್ನು ಕೆಡವಿ ಅಲ್ಲಿ ದೊಡ್ಡ ಗುಂಡಿ ತೋಡಿ, ಉಬ್ಬರದ ನೀರೂ ಮಳೆ ನೀರೂ ಬಂದು ನಿಲ್ಲುವ ಹಾಗೆ ಮಾಡಿ, ಉಪ್ಪು ನೀರಿಗೆ ಸಾಯದ ಗಿಡ ನೆಟ್ಟು, ಸುತ್ತ ಬೆಂಚು ಹಾಕಿದರೆ ಕೇರಿಗೊಂದು ತೋಟವೂ ಆಯಿತು, ಉಳಿದ ಮನೆಗಳಿಗೆ ನೀರು ನುಗ್ಗುವುದೂ ಕಡಿಮೆಯಾಯಿತು. ಮಕ್ಕಳು ಆರಿಸಿದ ಮನೆಯ ಹೆಸರನ್ನು ಶಾಲೆಯವರು ಪಾಲಿಕೆಗೆ ಕೊಡುತ್ತಾರೆ, ಪಾಲಿಕೆ ಅದನ್ನು ವಶಕ್ಕೆ ತೆಗೆದುಕೊಂಡು ಕೆಲಸ ಶುರುಮಾಡುತ್ತದೆ. ನಾನು ಶಾಲೆಗೆ ಹೋಗುವಾಗ ನದಿಗಳ ಹೆಸರು ಬಾಯಿಪಾಠ ಮಾಡಿಸುತ್ತಿದ್ದರು. ಈಗಿನ ಮಕ್ಕಳಿಗೆ ನೋಡಿ, ಮನೆ ಕೆಡವುವ ಪಾಠ. ಅದೂ ನನ್ನ ಮನೆ.

ಬರುವ ಭಾನುವಾರ ಬರಲಿ, ಇವರಿಗೆ ಮಾಡುತ್ತೇನೆ ಅಂದುಕೊಂಡು ಮಲಗಿದೆ. ವಾರವೆಲ್ಲ ಹಾಸಿಗೆ ಬಟ್ಟೆ ಮಡಚುತ್ತ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಭಾನುವಾರ ಬಂತು. ಬೆಳಿಗ್ಗೆ ಪಾಳಿ ಮುಗಿಸಿದವಳು ಬಸ್ಸಿಗೂ ಕಾಯದೆ ಆಟೊ ಹಿಡಿದು ಬಂದು, ಕೈಕಾಲು ತೊಳೆದು, ಬಾಗಿಲ ಹಿಂದೆ ಮಣೆ ಹಾಕಿಕೊಂಡು ಕುಳಿತೆ. "ಕುಲೊನುವುನ್" ಎಂದರು. ಗಂಟಲಿನವರೆಗೂ ಬಂದ ಮಾತು ನುಂಗಿಕೊಂಡೆ. ಅವರು ಇನ್ನೂ ಸ್ವಲ್ಪ ಮಾತಾಡಲಿ, ಆಮೇಲೆ ಬೈದರಾಯಿತು.

ಆಸ್ಪತ್ರೆಯಲ್ಲಿ ಯಂತ್ರಗಳ ಗದ್ದಲದಲ್ಲಿ ಯಾರೂ ಮಾತಾಡುವುದಿಲ್ಲ. ಹಗಲು ನಿದ್ದೆ. ಅಂಗಡಿಯವಳ ಹತ್ತಿರ ಮೆಣಸಿನಕಾಯಿ, ಸೋಪು ಎಂದು ಎರಡು ಮಾತು ಆಡಿದರೆ ಆ ದಿನದ ಬಾಯಿ ಕೆಲಸ ಮುಗಿಯಿತು. ಸುಳ್ಳೇಕೆ ಹೇಳಲಿ, ಒಂಟಿಯಾಗಿದ್ದೇನೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಈ ಮಕ್ಕಳು ಬಂದು ಜಗಲಿಯಲ್ಲಿ ಕಚಪಚ ಮಾಡಿ ಎದ್ದುಹೋದ ಮೇಲೆ ಮನೆ ಎಷ್ಟು ಸದ್ದಿಲ್ಲದೆ ಇದೆ ಎಂದು ಮೊದಲ ಸಲ ಕೇಳಿಸಿತು.

ಮೂರನೆಯ ವಾರವೋ ಏನೋ, ತಡೆಯಲಾಗದೆ ಕೆಮ್ಮಿಬಿಟ್ಟೆ.

ಹೊರಗೆ ಒಂದೇ ಏಟಿಗೆ ಎಲ್ಲ ಬಾಯಿ ಬಂದ್. ಆಮೇಲೆ ದಡಬಡ ಓಡುವ ಸದ್ದು. ರಸ್ತೆಯ ಮೇಲೆ ನಿಂತು ಪಿಸುಗುಟ್ಟಿದ್ದೂ ನನಗೆ ಕೇಳುತ್ತಿತ್ತು. ಆ ಒಡಕು ದನಿಯವನ ಹೆಸರು ಬಾಗಸ್. ಒಳಗೆ ದೆವ್ವ ಇದೆ, ಅವನ ಸೋದರಮಾವ ನೋಡಿದ್ದಾನೆ, ಉದ್ದ ಕೂದಲು, ಕಾಲು ನೆಲ ಮುಟ್ಟುವುದಿಲ್ಲ ಎಂದೆಲ್ಲ ಬಿಟ್ಟ. ಜಗಲಿ ಹೊಗಳಿದ ಹುಡುಗಿ ವೆನಿಂಗ್. ಅವಳು ಅವನನ್ನು ಸುಮ್ಮನಿರಿಸಿದಳು. ದೆವ್ವ ಅನ್ನಬೇಡ, ಮನೆ ಕಾಯುವ ಅಜ್ಜಿ ಇರಬೇಕು, ಕೇಳದೆ ಅಳತೆ ಮಾಡಿದ್ದಕ್ಕೆ ಬೇಜಾರಾಗಿದೆ, ಮುಂದಿನ ಸಲ ಏನಾದರೂ ತಂದು ಇಡೋಣ ಅಂದಳು. ಮಸೀದಿಯ ಗುರುಗಳಿಗೆ ಗೊತ್ತಾದರೆ ಬೆನ್ನು ಮುರಿಯುತ್ತಾರೆ ಎಂದು ಇನ್ನೊಬ್ಬ ಹೆದರಿದ. ಯಾರೂ ಹೇಳಬಾರದು ಎಂದು ಆಣೆ ಮಾಡಿಕೊಂಡರು.

ಅಜ್ಜಿಯಂತೆ. ನನಗೆ ಐವತ್ತೊಂದು. ಕೂದಲು ಇನ್ನೂ ಅರ್ಧ ಕಪ್ಪಿದೆ.

ಮುಂದಿನ ಭಾನುವಾರ ಅವರು ಹೋದ ಮೇಲೆ ಕಿಟಕಿ ಸ್ವಲ್ಪ ಸರಿಸಿ ನೋಡಿದರೆ ಜಗಲಿಯ ಮೇಲೆ ಬಾಳೆಲೆ. ಅದರಲ್ಲಿ ಗುಲಾಬಿ ಪಕಳೆ, ಮಲ್ಲಿಗೆ, ಒಂದು ಲೋಟ ಕಪ್ಪು ಕಾಫಿ, ನಾಲ್ಕು ಕ್ಲೆಪೊನ್ ಉಂಡೆ. ಕಾಯಿತುರಿ ಮೇಲೆ, ಬೆಲ್ಲದ ಪಾಕ ಒಳಗೆ. ಹಿತ್ತಿಲಿನಿಂದ ಸುತ್ತಿಕೊಂಡು ಬಂದು ಎತ್ತಿಕೊಂಡು ಹೋಗಿ ತಿಂದೆ. ದೆವ್ವದ ಪಾಲನ್ನು ತಿನ್ನುತ್ತಿದ್ದೇನಲ್ಲ ಎಂದು ನಗು ಬಂತು. ತಿನ್ನುತ್ತ ತಿನ್ನುತ್ತ ಅಳು ಬಂತು, ಅದು ಯಾಕೆ ಬಂತೋ. ನನಗೆಂದು ಯಾರಾದರೂ ತಿಂಡಿ ತಂದು ಯಾವ ಕಾಲವಾಗಿತ್ತು?

ಅಲ್ಲಿಂದ ಮುಂದೆ ಪ್ರತಿ ವಾರ ಏನಾದರೂ ಬರುತ್ತಿತ್ತು. ಒಂದು ಸಲ ಬಾಗಸ್ ಪರೀಕ್ಷೆ ಮಾಡಲೆಂದು ಮರಗೆಣಸಿನ ಚಿಪ್ಸ್ ಪ್ಯಾಕೆಟ್ ಇಟ್ಟ, ನಾಯಿ ತಿನ್ನುತ್ತಿದ್ದರೆ ಹರಿದು ಬಿಸಾಡಿರುತ್ತದೆ, ಅಜ್ಜಿಯಾದರೆ ಬೇರೆ ಥರ ಅಂತ. ನಾನು ಅರೆನಿದ್ದೆಯಲ್ಲಿ ತಿಂದು, ಕೈ ರೂಢಿಗೆ ಆ ಖಾಲಿ ಪ್ಯಾಕೆಟ್ಟನ್ನು ಹಾಸಿಗೆ ಬಟ್ಟೆ ಮಡಚಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ ಜಗಲಿಯ ಮೇಲಿಟ್ಟಿದ್ದೆ. ಅದನ್ನು ನೋಡಿ ಮಕ್ಕಳಿಗಾದ ಸಂಭ್ರಮ ಹೇಳಲಾರೆ. ನಮ್ಮಜ್ಜಿ ಎಷ್ಟು ಶಿಸ್ತು, ಕಸ ಕೂಡ ಮಡಚಿ ಇಡುತ್ತಾಳೆ, ಪಾಕ್ ಗಾಲಿಹ್ ನೋಡಿದರೆ ತರಗತಿಗೆ ಕರೆದುಕೊಂಡು ಹೋಗಿ ಪಾಠ ಮಾಡಿಸುತ್ತಾರೆ ಎಂದು ಹೊರಳಾಡಿ ನಕ್ಕರು. ನಮ್ಮಜ್ಜಿ ಅಂದರು. ಬಾಗಿಲ ಹಿಂದೆ ನಾನೂ ಬಾಯಿಗೆ ಕೈ ಒತ್ತಿಕೊಂಡು ನಕ್ಕೆ.

ಅಷ್ಟರಲ್ಲಿ ಅವರ ಕೆಲಸವೂ ಸಾಗುತ್ತಿತ್ತು. ಉಬ್ಬರದ ದಿನ ಗೋಡೆಯ ಮೇಲೆ ನೀರಿನ ಗುರುತು ಹಾಕಿದರು. ಮನೆ ಮನೆಗೆ ಹೋಗಿ ನಿಮಗೆ ಏನು ಬೇಕು ಎಂದು ಕೇಳಿ ಬಂದರು. ಹೆಂಗಸರು ಬಟ್ಟೆ ಒಣಗಿಸಲು ಜಾಗ ಬೇಕೆಂದರಂತೆ, ಗಂಡಸರು ಹಕ್ಕಿ ಪಂಜರ ನೇತುಹಾಕಲು ಕಂಬ ಬೇಕೆಂದರಂತೆ. ನನ್ನ ಅಡುಗೆಮನೆಯ ಜಾಗದಲ್ಲಿ ಗುಂಡಿ, ಮಲಗುವ ಕೋಣೆಯ ಜಾಗದಲ್ಲಿ ಬೆಂಚು, ಇಲ್ಲಿ ಕಾಂಡ್ಲಾ ಗಿಡ, ಅಲ್ಲಿ ಪಂಜರದ ಕಂಬ ಎಂದು ನನ್ನೆದುರೇ ಜಗಳವಾಡಿ ಪಾಲು ಮಾಡಿದರು. ಜಗಲಿಯನ್ನು ಮಾತ್ರ ಕೆಡವಬಾರದೆಂದು ವೆನಿಂಗ್ ಹಟ ಹಿಡಿದಳು. ಅವರ ಯೋಚನೆ ಏನೂ ತಪ್ಪಿರಲಿಲ್ಲ. ಬೇರೆ ಯಾರದ್ದಾದರೂ ಮನೆಯಾಗಿದ್ದರೆ ನಾನೇ ಭೇಷ್ ಅನ್ನುತ್ತಿದ್ದೆ.

ಎರಡು ಕಡೆಯಿಂದ ಸಿಕ್ಕಿಬಿದ್ದೆ. ಬಾಗಿಲು ತೆಗೆದರೆ ಮನೆ ಉಳಿಯುತ್ತದೆ, ಇವರು ಬರುವುದು ನಿಲ್ಲುತ್ತದೆ. ತೆಗೆಯದಿದ್ದರೆ ಇವರು ಬರುತ್ತಾರೆ, ಬಂದು ಬಂದು ಒಂದು ದಿನ ಮನೆಯೇ ಇಲ್ಲದ ಹಾಗೆ ಮಾಡುತ್ತಾರೆ. ಮುಂದಿನ ವಾರ ತೆಗೆಯೋಣ, ಮುಂದಿನ ವಾರ ತೆಗೆಯೋಣ ಎಂದು ದಿನ ದೂಡಿದೆ.

ವೆನಿಂಗ್ ಎಲ್ಲರೂ ಹೋದ ಮೇಲೆ ಒಬ್ಬಳೇ ಉಳಿಯತೊಡಗಿದ್ದೂ ಆಗಲೇ. ಟೇಪು ಸುತ್ತಿ ಬರುತ್ತೇನೆ, ನೀವು ಹೋಗಿ ಎಂದು ಉಳಿದವರನ್ನು ಕಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳುತ್ತಿದ್ದಳು. ಈಚೆ ಕಡೆ ನಾನು ಮಣೆಯ ಮೇಲೆ. ನಡುವೆ ಅರ್ಧ ಇಟ್ಟಿಗೆ, ಅರ್ಧ ಹಲಗೆ. ಮೊದಮೊದಲು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಮೆಲ್ಲಗೆ ಮಾತಾಡಿದಳು.

"ಅಜ್ಜೀ, ಭಾನುವಾರ ಮನೇಲಿರಕ್ಕೆ ನಂಗಾಗಲ್ಲ. ಅದಕ್ಕೇ ಇಲ್ಲಿಗೆ ಬರೋದು. ನೀನು ಯಾರಿಗೂ ಹೇಳಲ್ಲ ಅಲ್ವಾ? ಕೇಳಿಸ್ತಿದ್ರೆ ಒಂದ್ಸಲ ತಟ್ಟು."

ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ನನ್ನ ಬೆರಳು ಬಾಗಿಲನ್ನು ತಟ್ಟಿತ್ತು. ಅವಳು ಓಡಿಹೋಗಲಿಲ್ಲ. ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು, ಆಮೇಲೆ ನಿಧಾನವಾಗಿ ಹೇಳತೊಡಗಿದಳು.

ಅವಳ ತಾಯಿ ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದಳು. ಅಲ್ಲಿ ಕೆಲಸದವರಿಗೆ ಭಾನುವಾರ ರಜೆ, ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಫೋನ್ ಬರುವುದು ನಿಂತಿತು. ತಂದೆಯನ್ನು ಕೇಳಿದರೆ ಸಿಗ್ನಲ್ ಸರಿಯಿಲ್ಲ ಅನ್ನುತ್ತಾನೆ. ಅತ್ತೆ ಅಡುಗೆಮನೆಯಲ್ಲಿ ಯಾರಿಗೋ ಹೇಳುತ್ತಿದ್ದದ್ದು ಇವಳ ಕಿವಿಗೆ ಬಿದ್ದಿದೆ, ಅವಳಿನ್ನು ಬರುವುದಿಲ್ಲ, ಅಲ್ಲೇ ಯಾರನ್ನೋ ನೋಡಿಕೊಂಡಿದ್ದಾಳೆ ಅಂತ. ಶಾಲೆಯಲ್ಲಿ ಮಾತ್ರ ಅಮ್ಮ ಫೋನ್ ಮಾಡಿದಳು, ಶೂ ಕಳಿಸುತ್ತಾಳಂತೆ ಎಂದು ಇವಳು ಸುಳ್ಳು ಹೇಳಿಕೊಂಡು ತಿರುಗುತ್ತಿದ್ದಾಳೆ. ಗೆಳತಿಯರಿಗೆ ಹೇಳಿಲ್ಲ, ತನಗೆ ಗೊತ್ತಿದೆ ಎಂದು ತಂದೆಗೆ ಗೊತ್ತಾಗಗೊಟ್ಟಿಲ್ಲ.

"ಅಮ್ಮ ಬಂದ್ರೆ ಕೂತ್ಕೊಳ್ಳಕ್ಕೆ ಅಂತಾನೇ ಬೆಂಚು ಹಾಕಿಸ್ತಿರೋದು ಅಜ್ಜೀ" ಅಂದಳು. "ಬರಲ್ಲ ಅಂತ ಗೊತ್ತು. ಆದ್ರೂ."

ಬಿಟ್ಟುಹೋದವರನ್ನು ಕಾಯುವುದು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಗಂಡ ಹೋದ ಮೇಲೆ ಎರಡು ವರ್ಷ ಎರಡು ತಟ್ಟೆ ಹಾಕುತ್ತಿದ್ದೆ. ಆ ಮಗುವಿಗೆ ಅದನ್ನು ಹೇಳಬೇಕೆನಿಸಿತು. ಒಳಗೆ ಬಾ, ಅನ್ನ ಬಡಿಸುತ್ತೇನೆ, ಅಳುವುದಿದ್ದರೆ ಅತ್ತುಬಿಡು ಅನ್ನಬೇಕೆನಿಸಿತು. ದೆವ್ವ ಹಾಗೆಲ್ಲ ಅನ್ನುವುದಿಲ್ಲ. ಮತ್ತೊಂದು ಸಲ ತಟ್ಟಿದೆ, ಅಷ್ಟೆ.

ಆಮೇಲಿನ ವಾರಗಳಲ್ಲಿ ಅವಳು ಏನು ಹೇಳಲಿಲ್ಲ? ಲೆಕ್ಕದಲ್ಲಿ ಕಡಿಮೆ ಅಂಕ ಬಂದದ್ದು, ಮೊದಲ ಸಲ ಮುಟ್ಟಾದಾಗ ಕೇಳಲು ಯಾರೂ ಇಲ್ಲದೆ ಪಕ್ಕದ ಮನೆಯವಳ ಬಟ್ಟೆ ಹಗ್ಗದ ಕೆಳಗೆ ನಿಂತು ಅತ್ತದ್ದು, ಬಾಗಸ್‌ನ ಒಡಕು ದನಿಯನ್ನು ಎಲ್ಲರೂ ಅಣಕಿಸಿದರೂ ಅವಳಿಗೆ ಅದು ಇಷ್ಟವಾದದ್ದು. ನಾನು ತಟ್ಟುತ್ತಿದ್ದೆ. ನನ್ನ ಜೀವಮಾನದಲ್ಲಿ ನನ್ನ ಹತ್ತಿರ ಯಾರೂ ಅಷ್ಟು ಮಾತು ಆಡಿರಲಿಲ್ಲ. ಮನೆ ಹೋದರೆ ಹೋಗಲಿ, ಆಸ್ಪತ್ರೆ ಹತ್ತಿರ ಒಂದು ಕೋಣೆ ಹಿಡಿದರಾಯಿತು ಎಂದುಕೂಡ ಒಂದೆರಡು ದಿನ ಅನಿಸಿದ್ದುಂಟು. ಅನಿಸಿದ ಮಾರನೆಯ ದಿನವೇ ನನ್ನ ತಲೆ ಕೆಟ್ಟಿದೆಯೇ ಎಂದು ನನಗೆ ನಾನೇ ಬೈದುಕೊಂಡೆ. ಮನೆ ಹೋದ ಮೇಲೆ ಇವಳು ಯಾರ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾಳೆ?

ಕೊನೆಗೆ ಆ ಭಾನುವಾರ ಬಂತು. ಮಾರನೆಯ ದಿನ ಹೆಸರು ಪಾಲಿಕೆಗೆ ಹೋಗಬೇಕು. ಮಕ್ಕಳ ಜೊತೆ ಪಾಕ್ ಗಾಲಿಹ್ ಕೂಡ ಬಂದರು. ಕಿಟಕಿಯ ಸಂದಿಯಿಂದ ನೋಡಿದೆ, ಇನ್ನೂ ಮೀಸೆ ಸರಿಯಾಗಿ ಬಾರದ ಮೇಷ್ಟ್ರು. ಮಕ್ಕಳ ಅಜ್ಜಿಯ ಕತೆಯನ್ನು ನಂಬಿದ್ದರೋ ಇಲ್ಲವೋ, ಹಿರಿಯರಿದ್ದ ಜಾಗ, ಒಂದು ಮಾತು ಕೇಳಿಯೇ ಮುಂದೆ ಹೋಗೋಣ ಎಂದು ಮಕ್ಕಳನ್ನು ಸಾಲಾಗಿ ಕೂರಿಸಿದರು. ಬಾಳೆಲೆಯಲ್ಲಿ ಆ ದಿನ ಕೋಳಿಯ ತುಂಡೇ ಇತ್ತು. ವೆನಿಂಗ್ ಮುಂದೆ ಬಂದು ಕೈ ಜೋಡಿಸಿದಳು. ನಾವು ಈ ಮನೆಯನ್ನು ತೋಟ ಮಾಡುತ್ತೇವೆ, ಜಗಲಿ ಹಾಗೇ ಇರುತ್ತದೆ, ನೀನು ಅಲ್ಲೇ ಇರಬಹುದು, ನಾವು ದಿನಾ ಬರುತ್ತೇವೆ ಎಂದು ಹೇಳಿ, ಒಪ್ಪಿಗೆಯಿದ್ದರೆ ಒಂದು ಸಲ ತಟ್ಟು, ಬೇಡವಾಗಿದ್ದರೆ ಈಗಲೇ ತಿಳಿಸು ಎಂದು ಕೇಳಿಕೊಂಡಳು.

ದಿನಾ ಬರುತ್ತಾರಂತೆ. ಬಾಗಿಲಿಗೆ ಹಣೆ ಒತ್ತಿ ನಿಂತೆ. ನನ್ನ ಮನೆ, ನನ್ನ ಕೈಯ ಮನೆ. ಬೇಡ ಎಂದು ತಿಳಿಸಲು ಜೋರಾಗಿ ಎರಡು ಸಲ ತಟ್ಟಿದೆ.

"ಎರಡು ಸಲ ಹೂಂ ಅಂದ್ಳು ಕಣ್ರೋ" ಎಂದು ಬಾಗಸ್ ಕೂಗಿದ. "ಅಜ್ಜಿಗೆ ಡಬಲ್ ಖುಷಿ."

ಹೊರಗೆ ಚಪ್ಪಾಳೆ ಬಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. ತುಕ್ಕು ಹಿಡಿದ ಅಗುಳಿಯನ್ನು ಎರಡೂ ಕೈಯಲ್ಲಿ ಎಳೆದು ಮೇಲಿನ ಬಾಗಿಲನ್ನು ನೂಕಿದೆ. ಎಷ್ಟು ವರ್ಷದ ಧೂಳೋ, ಎಲ್ಲ ಅವರ ಮೇಲೆ ಬಿತ್ತು. ಹರಕಲು ನೈಟಿ, ಬಿಚ್ಚಿದ ಕೂದಲು, ಇಟ್ಟಿಗೆ ಗೋಡೆಯ ಮೇಲೆ ಸೊಂಟದಿಂದ ಮೇಲಷ್ಟೇ ಕಾಣುವ ಹೆಂಗಸು. ಕಾಲು ನೆಲ ಮುಟ್ಟುತ್ತದೋ ಇಲ್ಲವೋ ಯಾರಿಗೂ ಕಾಣಿಸಿರಲಿಕ್ಕಿಲ್ಲ. ಬಾಗಸ್ ಎಲ್ಲರಿಗಿಂತ ಮೊದಲು ಓಡಿದ. ಮೇಷ್ಟ್ರು ದೇವರ ಹೆಸರು ಹೇಳುತ್ತ ಹಿಂದೆ ಹಿಂದೆ ಸರಿದು ಬಾಳೆಲೆಯ ಮೇಲೆ ಕಾಲಿಟ್ಟರು.

"ನನ್ ಮನೆ ಇದು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಾನು ಇನ್ನೂ ಸತ್ತಿಲ್ಲ. ಕಸ್ಮಿರಾ ಅಂತ ನನ್ ಹೆಸರು. ಇಲ್ಲೇ ಇದೀನಿ."

ವೆನಿಂಗ್ ಒಬ್ಬಳು ಇದ್ದಲ್ಲೇ ಇದ್ದಳು. ಮೊದಲು ಬೆಚ್ಚಿದ ಮುಖ, ಆಮೇಲೆ ಅರ್ಥವಾದ ಮುಖ. ಅರ್ಥವಾದದ್ದೇ ಅವಳ ಮೋರೆಯೆಲ್ಲ ಕೆಂಪಾಯಿತು.

"ನೀವು ಮೊದಲಿಂದ್ಲೂ ಒಳಗಿದ್ರಾ?"

"ಇದ್ದೆ."

"ನಾನು ಹೇಳಿದ್ದೆಲ್ಲಾ ಕೇಳಿಸ್ಕೊಂಡ್ರಾ?"

ಸುಳ್ಳು ಹೇಳಬಹುದಿತ್ತು. ನಿದ್ದೆ ಮಾಡುತ್ತಿದ್ದೆ, ಕಿವಿ ಮಂದ, ಏನಾದರೂ ಹೇಳಬಹುದಿತ್ತು. ಬಾಯಿಗೆ ನಿಜವೇ ಬಂತು. "ಕೇಳಿಸ್ಕೊಂಡೆ ಮಗಾ."

"ಯಾಕೆ ಬಾಗಿಲು ತೆಗೀಲಿಲ್ಲ?"

"ತೆಗೆದಿದ್ರೆ ನೀವು ಮತ್ತೆ ಬರ್ತಿರಲಿಲ್ಲ."

ಅವಳು ಬಗ್ಗಿ ಚಪ್ಪಲಿ ಕೈಗೆತ್ತಿಕೊಂಡಳು. ಬರಿಗಾಲಿನಲ್ಲೇ ರಸ್ತೆ ಹತ್ತಿ, ಹಿಂದಿರುಗಿ ನೋಡದೆ ನಡೆದುಹೋದಳು. ಟೇಪು ಜಗಲಿಯ ಮೇಲೇ ಬಿದ್ದಿತ್ತು.

ಆಮೇಲೆ ಏನಾಗಬೇಕೋ ಅದೆಲ್ಲ ಆಯಿತು. ಮೇಷ್ಟ್ರು ಸಂಜೆ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದು ಕ್ಷಮೆ ಕೇಳಿದರು. ಪಾಕ್ ದಾರ್ಮೊ ಹೆಂಡತಿಯನ್ನು ಕರೆದುಕೊಂಡು ಬಂದು, ನಿಮ್ಮನ್ನು ನೋಡಿಯೇ ಇರಲಿಲ್ಲವಲ್ಲ ಬು ಕಸ್ಮಿರಾ, ಎಲ್ಲಿಗೆ ಹೋಗಿದ್ದಿರಿ ಎಂದು ನನ್ನನ್ನೇ ಕೇಳಿದ. ಎಲ್ಲಿಗೂ ಹೋಗಿರಲಿಲ್ಲ ಎಂದೆ. ವಾರಪೂರ್ತಿ ಒಬ್ಬರಲ್ಲ ಒಬ್ಬರು ಬಟ್ಟಲಲ್ಲಿ ಪಲ್ಯ ತಂದುಕೊಟ್ಟರು, ಆಮೇಲೆ ನಿಂತಿತು. ಪಾಲಿಕೆಯವರಿಂದ ಒಂದು ತಿಂಗಳ ಗಡುವು ಕೇಳಿಕೊಂಡು ಮಕ್ಕಳು ಕೇರಿಯ ತುದಿಯ ಇನ್ನೊಂದು ಮನೆಯನ್ನು ಆರಿಸಿದರು. ಈ ಸಲ ಕಿಟಕಿ ಒಳಗೆ ಟಾರ್ಚ್ ಬಿಟ್ಟು ಎಲ್ಲ ಮೂಲೆಯನ್ನೂ ನೋಡಿದರಂತೆ.

ನನ್ನ ಮನೆ ಉಳಿಯಿತು. ಭಾನುವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದು ಮಲಗುತ್ತೇನೆ. ಯಾರೂ ಕೂಗುವುದಿಲ್ಲ. ನಿದ್ದೆ ಮಾತ್ರ ಬರುವುದಿಲ್ಲ.

ತೋಟ ಚೆನ್ನಾಗಿಯೇ ಆಯಿತು. ಹೊಟ್ಟೆಕಿಚ್ಚಿನಿಂದ ಇಲ್ಲ ಅನ್ನಲಾರೆ. ಗುಂಡಿ ತೋಡಿಯಾದ ಮೇಲೆ ಬಂದ ದೊಡ್ಡ ಉಬ್ಬರದಲ್ಲಿ ನೀರು ಅಲ್ಲಿ ತುಂಬಿತು, ನನ್ನ ಹಿತ್ತಿಲಿಗೆ ಮೊದಲಿನಷ್ಟು ಬರಲಿಲ್ಲ. ಹಕ್ಕಿ ಪಂಜರ ಬಂದವು, ಬಟ್ಟೆ ಹಗ್ಗ ಬಂತು. ಗಿಡ ನೋಡಿಕೊಳ್ಳಲು ಭಾನುವಾರ ಭಾನುವಾರ ಮಕ್ಕಳು ಬರುತ್ತಾರೆ ಎಂದು ಗೊತ್ತಾದಾಗ ನಾನು ಕ್ಲೆಪೊನ್ ಮಾಡಿ ತಲೆ ಬಾಚಿ ಒಳ್ಳೆಯ ಬಟ್ಟೆ ಉಟ್ಟು ಹೋದೆ.

ದೂರದಿಂದಲೇ ಅವರ ನಗು ಕೇಳುತ್ತಿತ್ತು. ಬಾಗಸ್ ಯಾರನ್ನೋ ಕೆಸರಿಗೆ ನೂಕಿ ಕೇಕೆ ಹಾಕುತ್ತಿದ್ದ. ನಾನು ಒಳಗೆ ಕಾಲಿಟ್ಟೆ, ಎಲ್ಲರೂ ಎದ್ದು ನಿಂತರು. ಒಬ್ಬೊಬ್ಬರಾಗಿ ಬಂದು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡರು. ಬಲಗೈ ಚಾಚಿ ಒಂದೊಂದೇ ಉಂಡೆ ತೆಗೆದುಕೊಂಡು, ದೊಡ್ಡ ಹೆಂಗಸರಿಗೆಲ್ಲ ಅನ್ನುವ ಹಾಗೆ ಥ್ಯಾಂಕ್ಸ್ ಬು ಎಂದು ಹೇಳಿ, ಅತ್ತ ತಿರುಗಿ ತಿಂದರು. ನಾನು ಕೇಳಿದ್ದಕ್ಕೆಲ್ಲ ಹೌದು ಬು, ಇಲ್ಲ ಬು. ಇಷ್ಟು ಒಳ್ಳೆಯ ಮಕ್ಕಳನ್ನು ನಾನು ನೋಡಿಲ್ಲ. ಆ ಪ್ಯಾಕೆಟ್ ನೆನಪಿದೆಯೇನೋ ಎಂದು ಬಾಗಸ್‌ನನ್ನು ಕೆಣಕಿದರೆ, ತಪ್ಪಾಯಿತು ಬು ಎಂದು ತಲೆ ತಗ್ಗಿಸಿದ.

ವೆನಿಂಗ್ ಬೆಂಚಿನ ಹತ್ತಿರ ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿದ್ದಳು. ಹೋಗಿ ಬೆಂಚಿನ ತುದಿಯಲ್ಲಿ ಕುಳಿತೆ. ಅವಳು ಎದ್ದು ಹೋಗಲಿಲ್ಲ. ಅಷ್ಟೇ ಸಾಕು ಎನಿಸಿತು. ಕೇಳಬಾರದು ಕೇಳಬಾರದು ಅಂದುಕೊಂಡೇ ಕೇಳಿಬಿಟ್ಟೆ.

"ಅಮ್ಮ ಹೇಗಿದಾಳೆ ಮಗಾ?"

"ಚೆನ್ನಾಗಿದಾರೆ ಬು."

"ಫೋನ್ ಮಾಡ್ತಾಳಾ?"

"ಮಾಡ್ತಾರೆ ಬು. ಪ್ರತಿ ಭಾನುವಾರ ಬೆಳಿಗ್ಗೆ."

ಅವಳು ಅದನ್ನು ನನ್ನ ಕಣ್ಣು ನೋಡಿಕೊಂಡೇ ಹೇಳಿದಳು. ನಗುತ್ತಲೇ ಹೇಳಿದಳು. ಆವತ್ತು ಭಾನುವಾರ, ಬೆಳಿಗ್ಗೆ, ಅವಳ ಎರಡೂ ಕೈ ಮೊಣಕೈವರೆಗೆ ಮಣ್ಣಾಗಿತ್ತು.

"ಒಳ್ಳೇದಾಯ್ತು ಬಿಡು" ಎಂದೆ.

ಅವಳು ಸ್ವಲ್ಪ ಹೊತ್ತು ಮಣ್ಣು ಕೆದಕಿದಳು. ಆಮೇಲೆ, ದೊಡ್ಡವರು ಕುಶಲ ಕೇಳಿದರೆ ತಿರುಗಿ ಕೇಳಬೇಕೆಂದು ಮನೆಯಲ್ಲಿ ಕಲಿಸಿರುತ್ತಾರಲ್ಲ, ಹಾಗೆ ಕೇಳಿದಳು.

"ನಿಮಗೆ ಮನೇಲಿ ಒಬ್ರಿಗೇ ಬೇಜಾರಾಗಲ್ವಾ ಬು?"

"ಇಲ್ಲಪ್ಪ" ಎಂದೆ. "ನಂಗೇನು ಬೇಜಾರು. ರೂಢಿ ಆಗಿದೆ."

ಅವಳು ತಲೆಯಾಡಿಸಿದಳು. ನಾನು ಹೇಳಿದ್ದು ಸುಳ್ಳೆಂದು ಅವಳಿಗೂ ಗೊತ್ತು. ಅವಳು ಮಣ್ಣು ಏರಿಸುವುದು ಮುಗಿಯುವ ತನಕ ನಾನು ಅಲ್ಲೇ ಕುಳಿತಿದ್ದೆ.